ಮೈಲೂರಿನ ವಿಳಾಸ

"ಮೊಳಿ ಹೊಡೀಬ್ಯಾಡ್ರಿ, ಗ್ವಾಡಿ ಗಿಲಾವ್ ಉದುರ್ತದ," ಎಂದು ಮನೆಯ ಮಾಲಕಿ ಕುಲಸುಮಬೀ ಬಾಗಿಲಲ್ಲಿ ನಿಂತು ಮೂರನೆಯ ಸಲ ಹೇಳಿದರು.

ಕೈಲಾಶ ಸುತ್ತಿಗೆಯನ್ನು ಕೆಳಗಿಟ್ಟ. ಬಾಬಾಸಾಹೇಬರ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎಲ್ಲಿಡಬೇಕೆಂದು ತಿಳಿಯದೆ ನಡುಮನೆಯಲ್ಲಿ ನಿಂತ. ನಡುಮನೆಯೆಂದರೂ ಅದೇ, ಮಲಗುವ ಕೋಣೆಯೆಂದರೂ ಅದೇ. ಇದ್ದದ್ದೇ ಒಂದು ಕೋಣೆ, ಅದರ ಬೆನ್ನಿಗೆ ಅಡುಗೆಗೆಂದು ತಗಡು ಹೊದಿಸಿದ ಒಂದು ಸಂದಿ. ಫೋಟೋ ಆ ದಿನ ಮುಂಜಾನೆ ಔರಾದ ತಾಲೂಕಿನ ಹಳ್ಳಿಯಿಂದ ಬಸ್ಸಿನಲ್ಲಿ ಅವನ ಅವ್ವ ಕೌಸಲ್ಯಾಬಾಯಿಯ ತೊಡೆಯ ಮೇಲೆ, ಹಳೆಯ ದುಪ್ಪಟಿ ಸುತ್ತಿಕೊಂಡು ಬೀದರಕ್ಕೆ ಬಂದಿತ್ತು. ಮನೆಯ ಗೋಡೆಯಿಂದ ಅದನ್ನು ಇಳಿಸಿದ್ದೂ ಅವ್ವನೇ. ಬಸ್ಸು ಇಳಿದ ಮೇಲೆ, "ಇವರ ಮುಂದ ಕುಂತು ಸುಳ್ಳು ಹೇಳಬೇಕಲ್ಲೋ ತಮ್ಮಾ," ಅಂದಿದ್ದಳು.

"ಮುಂದ ಬ್ಯಾಡ ಮೌಶಿ, ಬಾಜೂಕ ಇಡೋಣ," ಎಂದು ವಿಶ್ವಾಸ ನಕ್ಕು, ಫೋಟೋವನ್ನು ಇಸಿದುಕೊಂಡು ಟ್ರಂಕಿನ ಮೇಲೆ ಗೋಡೆಗೆ ಒರಗಿಸಿ ಇಟ್ಟ.

ಕೋಣೆ ವಿಶ್ವಾಸನದು. ಅವನೂ ಕೈಲಾಶನೂ ಒಂದೇ ಓಣಿಯಲ್ಲಿ ಹುಟ್ಟಿ, ಬೀದರದ ಒಂದೇ ಐಟಿಐಯಲ್ಲಿ ಫಿಟ್ಟರ್ ಕಲಿತವರು. ಕಲಿತ ಮೇಲೆ ಇಬ್ಬರೂ ಬೀದರದ ಅಂಚಿನ ಕೊಳಾರದ ಒಂದು ಔಷಧಿ ಕಾರ್ಖಾನೆಗೆ ಸೇರಿದ್ದರು. ಕೈಲಾಶ ಆರು ತಿಂಗಳಿಗೆ ಬಿಟ್ಟು ಊರಿಗೆ ಮರಳಿ, ಟ್ರ್ಯಾಕ್ಟರಿಗೆ ಜೋಡಿಸಿ ಕಾಳು ಒಕ್ಕುವ ರಾಶಿ ಮಷಿನ್ ತಂದ. ವಿಶ್ವಾಸ ಉಳಿದ. ಇಂದು ಅವನ ಜೊತೆ ಇರುವ ಇಬ್ಬರು ಹುಡುಗರನ್ನು ಅವರ ಹಾಸಿಗೆ, ಬಟ್ಟೆ, ಬಕೆಟ್ಟುಗಳ ಸಮೇತ ಮಾಳಿಗೆಯ ಮೇಲೆ ಕಳಿಸಲಾಗಿತ್ತು. ಗೂಟಕ್ಕೆ ವಿಶ್ವಾಸನದೇ ಒಂದು ನೀಲಿ ಯೂನಿಫಾರ್ಮ್ ತೂಗು ಹಾಕಿತ್ತು. ಅದು ಈಗ ಕೈಲಾಶನದು.

ಹನ್ನೊಂದಕ್ಕೆ, ಕೈಲಾಶನಿಗೆ ನೋಡಿದ ಹುಡುಗಿ ಸಪನಾಳ ಕಡೆಯವರು ಮನೆ ನೋಡಲು ಬರುವವರಿದ್ದರು.

ಹುಡುಗಿ ನೋಡುವುದು ಹದಿನೈದು ದಿನದ ಹಿಂದೆ ಭಾಲ್ಕಿ ತಾಲೂಕಿನ ಅವಳ ಊರಲ್ಲಿ ಮುಗಿದಿತ್ತು. ಅದಕ್ಕೂ ಮೊದಲು ನಾಲ್ಕು ವರ್ಷ ಕೈಲಾಶ ಹೋದ ಮನೆಗಳಲ್ಲಿ ಮಾತು ಒಂದೇ ದಾರಿ ಹಿಡಿಯುತ್ತಿತ್ತು. ಹುಡುಗ ಏನು ಮಾಡ್ತಾನ? ರಾಶಿ ಮಷಿನ್ ಅದರಿ, ಟ್ರ್ಯಾಕ್ಟರ್ ಅದ, ಹೊಲ ಅದ. ಛಲೋ ಆಯ್ತು, ಇರೋದು ಎಲ್ಲಿ? ಊರಾಗರಿ. ಅಲ್ಲಿಗೆ ಮಾತಿನ ಗಾಲಿಯಿಂದ ಗಾಳಿ ಹೋಗುತ್ತಿತ್ತು. "ನಮ್ಮ ಹುಡುಗಿ ಹಳ್ಳಿ ಬ್ಯಾಡ ಅಂತಾಳ್ರಿ, ಏನ್ ಮಾಡೋದು" ಎಂದು ಹಳ್ಳಿಯಲ್ಲೇ ಕೂತ ಅಪ್ಪಂದಿರು ಹೇಳುತ್ತಿದ್ದರು. ಅವನಿಗೆ ಇಪ್ಪತ್ತೊಂಬತ್ತು ದಾಟಿತು. ಆಗ ವಿಶ್ವಾಸ ತನ್ನ ಮೊಬೈಲಿನಲ್ಲಿ ಅವನ ಬಯೋಡಾಟಾವನ್ನು ಹೊಸದಾಗಿ ಬರೆದ. ಉದ್ಯೋಗ: ಫಿಟ್ಟರ್, ಕೊಳಾರ. ವಾಸ: ಮೈಲೂರ, ಬೀದರ. "ಇದು ಪೂರಾ ಸುಳ್ಳಲ್ಲಲೇ, ಆರು ತಿಂಗಳು ನಡದ ಹಳೇ ಖರೆ," ಅಂದಿದ್ದ.

ಅಷ್ಟರಲ್ಲೇ ಬಿಟ್ಟಿದ್ದರೆ ಕೈಲಾಶನಿಗೆ ಇಷ್ಟು ಚುಚ್ಚುತ್ತಿರಲಿಲ್ಲ. ಆದರೆ ಸಪನಾ ಚಹದ ತಾಟನ್ನು ಕೆಳಗಿಟ್ಟು, ಎಲ್ಲರ ಎದುರಿಗೇ ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದ್ದಳು. "ನೀವು ಬೀದರದಾಗೇ ಇರ್ತೀರಿ ಅಲ್ರಿ?" ಅವಳ ಕಣ್ಣಲ್ಲಿ ನಾಚಿಕೆ ಇರಲಿಲ್ಲ, ಲೆಕ್ಕಾಚಾರವೂ ಇರಲಿಲ್ಲ. ಉತ್ತರ ಬೇಕಾಗಿತ್ತು ಅಷ್ಟೆ. ಆ ನೋಟ ಅವನಿಗೆ ಹಿಡಿಸಿತು. ಹಿಡಿಸಿದ್ದಕ್ಕೇ ಅವನು "ಹೂಂರಿ" ಎಂದುಬಿಟ್ಟ.

"ಬೇಟಾ, ಕಪ್ಪು ಸಾಲ್ತಾವಾ?" ಕುಲಸುಮಬೀ ತಮ್ಮ ಮನೆಯ ಗಾಜಿನ ಕಪ್ಪುಗಳನ್ನು ಸೆರಗಿನಲ್ಲಿ ಒರೆಸುತ್ತ ತಂದರು. ಮನೆಯ ಮಾಲಕ ಗುಲಾಮ ರಸೂಲ ಬಜಾರಿಗೆ ಹೋಗಿದ್ದರು. ಹೆಂಡತಿಗೆ ಈ ನಾಟಕದಲ್ಲಿ ಭಲೇ ಉಮೇದು. "ನನ್ನ ತಮ್ಮನ ಲಗ್ನದಾಗ ನಾವೂ ಹಿಂಗೇ ಮಾಡೇವಿ. ಆಜೂಬಾಜೂದವರ ಫ್ರಿಜ್ ತಂದು ಇಟ್ಟೀವಿ. ಅವರು ನೋಡಿ ಹೋಗೋ ತನಾ ಕರೆಂಟೇ ಇರಲಿಲ್ಲ, ಬಚಾವಾದೆವು."

ಮೂಲೆಯಲ್ಲಿ ಕೈಲಾಶನ ಅಪ್ಪ ಪಂಢರಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕೊರಳ ಗುಂಡಿಯನ್ನೂ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದ. ಅವನು ಊರ ಪಂಚಾಯತಿಯ ವಾಟರಮನ್. ಇಪ್ಪತ್ತೆರಡು ವರ್ಷದಿಂದ ದಿನಾ ಮುಂಜಾನೆ ಆರಕ್ಕೆ ನೀರಿನ ಟಾಕಿಯ ಬುಡದ ವಾಲು ತಿರುವಿ ಇಡೀ ಊರಿಗೆ ನೀರು ಬಿಡುವವ. ಇವತ್ತು ಆ ಕೆಲಸವನ್ನು ಬೇರೆಯವನಿಗೆ ಒಪ್ಪಿಸಿ ಬಂದಿದ್ದ. ಹಾಗಾಗಿ ಮುಂಜಾನೆಯಿಂದ ಅವನ ಕೈಗಳಿಗೆ ಕೆಲಸವಿರಲಿಲ್ಲ. ಮೊಣಕಾಲಿನ ಮೇಲೆ ಒಂದನ್ನೊಂದು ಹಿಡಿದುಕೊಂಡಿದ್ದವು.

ಬಂದವರು ಮೂವರು. ಸಪನಾಳ ಅಪ್ಪ, ಒಬ್ಬ ಕಾಕಾ, ಮತ್ತು ಬೀದರದಲ್ಲೇ ಇಪ್ಪತ್ತು ವರ್ಷದಿಂದ ಇರುವ ಸೋದರಮಾವ. ಮಾವ ಯಾವುದೋ ಕಚೇರಿಯಲ್ಲಿ ಗುಮಾಸ್ತರು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು, ನೋಡುವುದು ಬೇಕಾದಾಗ ಮಾತ್ರ ಕೆಳಗಿಳಿಸುತ್ತಿದ್ದರು. ಜೈಭೀಮ್ ಹೇಳಿ ಎಲ್ಲರೂ ಕೂತರು. ಅವಲಕ್ಕಿ ಬಂತು. ಮಾವ ಯೂನಿಫಾರ್ಮ್ ನೋಡಿದರು, ಟ್ರಂಕು ನೋಡಿದರು, ಫೋಟೋಕ್ಕೆ ಕೈ ಮುಗಿದರು. ಶಿಫ್ಟಿನ ಮಾತು ಬಂತು. ಅದಕ್ಕೆ ಕೈಲಾಶ ಸರಿಯಾಗಿಯೇ ಉತ್ತರ ಕೊಟ್ಟ. ಯಾವ ಗೇಟು, ಕ್ಯಾಂಟೀನು ಎಲ್ಲಿ, ಗಂಟಲು ಕೆರೆಯುವ ಆ ವಾಸನೆ, ಎಲ್ಲ ಅವನಿಗೆ ನೆನಪಿತ್ತು. ವಿಶ್ವಾಸ ಮಾವನ ಬೆನ್ನ ಹಿಂದಿನಿಂದ ಹೆಬ್ಬೆಟ್ಟು ತೋರಿಸಿದ. ಕೌಸಲ್ಯಾಬಾಯಿ ಚಹ ಸೋಸತೊಡಗಿದಳು.

ಚಹ ಕುಡಿಯುತ್ತ ಮಾವ, ಸುಮ್ಮನೆ ಊರ ಮಂದಿ ಬಿಸಿಲಿನ ಮಾತಾಡುವ ಹಾಗೆ ಕೇಳಿದರು.

"ಈ ಗಲ್ಲಿಗಿ ನಳ ಯಾವಾಗ ಬರ್ತದ್ರಿ?"

"ದಿನಾ ಮುಂಜಾನಿ ಆರಕ್ಕ ಬಿಡ್ತಾರ್ರಿ," ಅಂದ ಕೈಲಾಶ.

ಅಷ್ಟು ಸಲೀಸಾಗಿ ಆ ಇಡೀ ಮುಂಜಾನೆಯಲ್ಲಿ ಅವನು ಬೇರೆ ಯಾವ ಮಾತನ್ನೂ ಆಡಿರಲಿಲ್ಲ. ಹುಟ್ಟಿದಾಗಿನಿಂದ ಅವನ ಮನೆಯಲ್ಲಿ ದಿನ ಶುರುವಾಗುವುದೇ ಆ ಹೊತ್ತಿಗೆ. ಒಂದು ಕ್ಷಣ ಸಮಾಧಾನವೂ ಆಯಿತು. 

ಮಾವ ಕನ್ನಡಕವನ್ನು ಕಣ್ಣಿಗಿಳಿಸಿದರು. "ದಿನಾ?"

"ಬೋರ್ ಅದರೀ ನಮ್ಮದು," ಎಂದು ಬಾಗಿಲಿನಿಂದ ಕುಲಸುಮಬೀ ಅಂದರು. ಅದೇ ಹೊತ್ತಿಗೆ ವಿಶ್ವಾಸ, "ಟ್ಯಾಂಕರ್ ಹಾಕಿಸ್ತೇವಿ ಮಾಮಾ," ಅಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ನಮ್ಮ ಕಡಿ ನಾಕು ದಿನಕ್ಕೊಮ್ಮೆ ಬರ್ತದಪಾ," ಮಾವ ನಿಧಾನವಾಗಿ ಅಂದರು. "ಅದೂ ಇಂಥಾ ಹೊತ್ತಿಗೇ ಅಂತಿಲ್ಲ. ಬಂತಂದ್ರ ಆಫೀಸ್ ಬಿಟ್ಟು ಓಡಿ ಬರಬೇಕು. ಇಲ್ಲಿ ದಿನಾ ಬಿಡ್ತಾರಂದ್ರ ಪುಣ್ಯ ಮಾಡೀರಿ. ನಾವು ನಳ ಬಂತು ಅಂತೇವಿ. ನೀರು ಬಿಟ್ರು ಅನ್ನೋ ಹಳ್ಳಿ ಮಾತು ಕೇಳಿ ಭಾಳ ವರ್ಷ ಆಗಿತ್ತು."

ಅವರು ಸಿಟ್ಟಾಗಲಿಲ್ಲ. ಚಹವನ್ನು ಪೂರ್ತಿ ಕುಡಿದರು. ಸಪನಾಳ ಅಪ್ಪ ಮಾತ್ರ ಕಪ್ಪನ್ನು ಅರ್ಧಕ್ಕೇ ಇಟ್ಟು ನೆಲ ನೋಡುತ್ತಿದ್ದ. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತ ಮಾವ ಪಂಢರಿಯ ಕಡೆ ತಿರುಗಿದರು.

"ಯಜಮಾನ್ರ, ನೀವು ಊರಾಗ ಏನು ಕೆಲಸ ಮಾಡ್ತೀರಿ ಅಂದ್ರಿ?"

ಪಂಢರಿಗೆ ಸುಳ್ಳಿನಲ್ಲಿ ಅವನ ಪಾಲನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ವಾಟರಮನ್ ಅದೀನ್ರಿ," ಅಂದ.

"ಹಂಗೇ ಅನ್ನಿಸ್ತು," ಎಂದು ಮಾವ ಅವನ ಭುಜವನ್ನು ಮೆತ್ತಗೆ ತಟ್ಟಿ ಇಳಿದು ಹೋದರು. ಆ ತಟ್ಟುವಿಕೆ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಔರಾದಕ್ಕೆ ಮರಳುವ ಬಸ್ಸಿನಲ್ಲಿ ಮೂವರಿಗೂ ಬೇರೆ ಬೇರೆ ಸೀಟು ಸಿಕ್ಕಿತು. ಅದೇ ಒಳ್ಳೆಯದಾಯಿತು. ತಪ್ಪು ಎಲ್ಲಿ ಆಯಿತೆಂದು ಕೈಲಾಶ ದಾರಿಯುದ್ದಕ್ಕೂ ಹಿಂದೆ ಹಿಂದೆ ಹೋಗಿ ನೋಡಿದ. ನಾಲ್ಕು ದಿನಕ್ಕೊಮ್ಮೆ ಎಂದು ವಿಶ್ವಾಸ ಮೊದಲೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ತಾನು ಆರು ತಿಂಗಳು ಇದ್ದದ್ದು ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ. ಅಲ್ಲಿ ಇಪ್ಪತ್ನಾಲ್ಕು ತಾಸು ನೀರಿತ್ತು. ಹೀಗೆ ಲೆಕ್ಕ ಹಾಕುತ್ತಿದ್ದವನಿಗೆ, ತಾನು ಸುಳ್ಳು ಹೇಳಿದ್ದಕ್ಕಲ್ಲ, ಸುಳ್ಳನ್ನು ಹದವಾಗಿ ಹೇಳದ್ದಕ್ಕೆ ಮರುಗುತ್ತಿದ್ದೇನೆ ಎಂದು ಹೊಳೆದು, ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೂತ.

ನಾಲ್ಕನೆಯ ದಿನ ಸಪನಾಳೇ ಫೋನ್ ಮಾಡಿದಳು. "ಭಾಲ್ಕಿಗಿ ಬರ್ತೀರೇನ್ರಿ? ಬಸ್ ಸ್ಟ್ಯಾಂಡ್ ಮುಂದ ನಂದು ಅಂಗಡಿ. ಮಧ್ಯಾಹ್ನ ಮಂದಿ ಕಮ್ಮಿ ಇರ್ತದ."

ಅವಳದೆಂದರೆ ಅವಳು ಕೆಲಸ ಮಾಡುವ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ. ಕೈಲಾಶ ಹೋದಾಗ ಅವಳು ಒಬ್ಬ ಮುದುಕನ ಹೆಬ್ಬೆಟ್ಟನ್ನು ಯಂತ್ರದ ಗಾಜಿನ ಮೇಲೆ ಒತ್ತಿಸುತ್ತಿದ್ದಳು. ಬೆರಳು ಸವೆದು ಗುರುತು ಸಿಗುತ್ತಿರಲಿಲ್ಲ. "ಅಜ್ಜಾ, ತಲಿಗಿ ತಿಕ್ಕೊಂಡು ಒತ್ತು, ಎಣ್ಣಿ ಹತ್ತಿದ್ರ ಬರ್ತದ," ಎಂದು ಮೂರು ಸಲ ಹೇಳಿ ಬರಿಸಿದಳು. ಮುದುಕ ಹೋದ ಮೇಲೆ ಸ್ಟೂಲನ್ನು ಕೈಲಾಶನ ಕಡೆ ಕಾಲಿನಿಂದ ಸರಿಸಿದಳು.

"ಮನ್ಯಾಗ ಎಲ್ಲಾರೂ ಬ್ಯಾಡ ಅಂದಾರ. ನಿಮಗ ಹೇಳಿ ಕಳಿಸ್ತಾರ ಇವತ್ತೋ ನಾಳೆಯೋ," ಅಂದಳು.

"ತಪ್ಪಾಯ್ತರಿ."

"ತಪ್ಪು ಕೇಳಲಿಕ್ಕೆ ಕರೆದಿಲ್ಲ." ಅವಳು ಕಾಗದದ ರೀಮು ಬಿಚ್ಚಿ ಯಂತ್ರಕ್ಕೆ ತುಂಬತೊಡಗಿದಳು. "ಸುಳ್ಳು ಎಲ್ಲಾರೂ ಹೇಳ್ತಾರ. ನಮ್ಮನಿಯೊಳಗ ನಾ ಬಿಕಾಂ ಮುಗಿಸೀನಿ ಅಂತ ನಿಮಗ ಹೇಳ್ಯಾರ. ಒಂದು ಪೇಪರ್ ಇನ್ನೂ ಉಳದದ. ಆ ಸುಳ್ಳು ನಾ ಖರೆ ಮಾಡ್ತೀನಿ, ಮಾರ್ಚ್‌ದಾಗ ಬರೀತೀನಿ. ನೀವು ನಿಮ್ಮದು ಮಾಡ್ತೀರೇನು, ಅಷ್ಟೇ ಕೇಳಬೇಕಿತ್ತು."

ಕೈಲಾಶ ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತ. ಆಮೇಲೆ ಹೇಳಲು ಶುರು ಮಾಡಿದ. ಹೇಳುತ್ತ ಹೇಳುತ್ತ ದನಿಗೆ ಬಲ ಬಂತು. ಊರಲ್ಲಿ ತಾನು ಖಾಲಿ ಕೂತವನಲ್ಲ. ಸೋಯಾ ರಾಶಿಯ ಹಂಗಾಮಿನಲ್ಲಿ ಸುತ್ತಲಿನ ಐದಾರು ಹಳ್ಳಿಗೆ ತನ್ನದೇ ಮಷಿನ್. ಮಷಿನ್ ಕೆಟ್ಟರೆ ತಾನೇ ಬಿಚ್ಚಿ ತಾನೇ ಕೂಡಿಸುತ್ತೇನೆ. ಅಪ್ಪ ಯಾರ ಹೊಲಕ್ಕೆ ಹೋಗಿ ಕೈಕಟ್ಟಿ ದೂರ ನಿಲ್ಲುತ್ತಿದ್ದನೋ ಆ ಮಂದಿಯೇ ಈಗ ತನ್ನನ್ನು ಕಾಯುತ್ತಾರೆ.

"ನಮ್ಮೂರ ಪಾಟೀಲರು ಸ್ವತಃ ಫೋನ್ ಮಾಡ್ತಾರ. ಕೈಲಾಶ, ಯಾವಾಗ ಬರ್ತೀಪಾ, ಮಾಡ ಆಗ್ಲಿಕತ್ತದ, ಮಳಿ ಬಂದೀತು, ಅಂತಾರ."

"ಬರ್ತೀಪಾ," ಅಂದಳು ಸಪನಾ. "ಬರ್ತೀರಿ ಅನ್ನಂಗಿಲ್ಲ?"

"ವಯಸ್ಸಿನಾಗ ದೊಡ್ಡವರು ಅವರು."

"ನಮ್ಮೂರಾಗ ನನಕಿಂತ ಸಣ್ಣವರೂ ರೀ ಅನ್ನಂಗಿಲ್ಲ. ಇಲ್ಲಿ ಅಂಗಡಿಗೆ ಬಂದು, ನಾಕು ಮಂದಿ ಮುಂದ, ಏ ಸಪ್ನಿ, ನಂದು ಮೊದಲು ತೆಗಿ ಅಂತಾವ. ನಾ ಎಷ್ಟು ಓದಿದ್ರೂ ಭೀಮನಗರ ಓಣಿದಾಕಿ. ಬೀದರದಾಗ ಏನು ಸ್ವರ್ಗ ಇಲ್ಲ, ನಂಗ ಗೊತ್ತದ. ಮಾಮಾನ ಮನಿಯಾಗ ಎರಡು ವರ್ಷ ಇದ್ದೀನಿ. ಆದ್ರ ಅಲ್ಲಿ ನನ್ನ ಮಾರಿ ನೋಡಿ ಯಾರಿಗೂ ಓಣಿ ಗೊತ್ತಾಗಂಗಿಲ್ಲ." ಅವಳು ಯಂತ್ರದ ಮುಚ್ಚಳ ಹಾಕಿದಳು. "ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ರಾಶಿ ಮಾಡೋ ಹೊಲದಾಗ ನೀವು ಯಾರ ನೀರು ಕುಡೀತೀರಿ?"

"ನಂದು ಕ್ಯಾನ್ ಇರ್ತದ. ಧೂಳಿನ ಕೆಲಸ, ನೀರು ಭಾಳ ಬೇಕಾಗ್ತದ. ಮನಿಯಿಂದ ಒಯ್ತೇನಿ."

"ಎಷ್ಟು ವರ್ಷದಿಂದ?"

"ಮಷಿನ್ ತಂದಾಗಿಂದ."

"ಒಯ್ಯಿ ಅಂತ ಯಾರು ಹೇಳಿದ್ರು?"

ಕೈಲಾಶ ನೆನಪು ಮಾಡಿಕೊಂಡ. ಯಾರೂ ಹೇಳಿರಲಿಲ್ಲ. ಮೊದಲ ದಿನ ಟ್ರ್ಯಾಕ್ಟರ್ ಚಾಲೂ ಮಾಡುವಾಗ ಅವ್ವ ಕ್ಯಾನ್ ತುಂಬಿ ಸೀಟಿನ ಹಿಂದೆ ಇಟ್ಟಿದ್ದಳು. ಅವನು ಯಾಕೆಂದು ಕೇಳಿರಲಿಲ್ಲ. ಅಂದಿನಿಂದ ಅದು ಪಾನಾ, ಸುತ್ತಿಗೆ, ಗ್ರೀಸಿನ ಡಬ್ಬಿಯಂತೆ ಮಷಿನ್ನಿನ ಸಾಮಾನೇ ಆಗಿಹೋಗಿತ್ತು.

"ಹೂಂ," ಅಂದಳು ಸಪನಾ. ಹೊರಗೆ ಯಾರೋ ಆಧಾರ್ ಕಾರ್ಡು ಹಿಡಿದು ನಿಂತಿದ್ದರು. "ದೀಪಾವಳಿ ತನಾ ನಾ ಮನ್ಯಾಗ ಹೂಂ ಅನ್ನಂಗಿಲ್ಲ, ಊಹೂಂನೂ ಅನ್ನಂಗಿಲ್ಲ. ಖರೇ ವಿಳಾಸ ತಗೊಂಡು ಬಂದ್ರ ನಾ ಮಾಮಾನ ಜೊತಿ ಮಾತಾಡ್ತೀನಿ. ಬರಲಿಲ್ಲಂದ್ರ ಅದೂ ಛಲೋನೇ. ನಿಮ್ಮೂರಿಗೆ ಬಾ ಅಂತ ಮಾತ್ರ ಕೇಳಬ್ಯಾಡ್ರಿ."

ಬಸ್ಸಿನಲ್ಲಿ ಅವನಿಗೆ ಅವಳ ಮೇಲೆ ಸಿಟ್ಟು ಬಂತು. ನಮ್ಮೂರು ಅವಳ ಊರಲ್ಲ. ಅಲ್ಲಿ ಆದದ್ದನ್ನೆಲ್ಲ ಇಲ್ಲಿಗೂ ಹಚ್ಚುತ್ತಾಳೆ. ಪಾಟೀಲರು ತನ್ನ ಹೆಗಲ ಮೇಲೆ ಕೈ ಹಾಕಿ ಮಾತಾಡಿದ್ದನ್ನು, ಹೋದ ವರ್ಷ ಮಷಿನ್ನಿನ ಪೂಜೆಗೆ ತಾವೇ ತೆಂಗಿನಕಾಯಿ ತಂದದ್ದನ್ನು ಅವಳು ನೋಡಿಲ್ಲ. ಕ್ಯಾನ್ ಒಯ್ಯುತ್ತೇನೆ, ಹೌದು. ಆದರೆ ತಾನು ಕೇಳಿ ಅವರು ಇಲ್ಲ ಅಂದಿದ್ದಾರೆಯೇ? ಕೇಳಿಯೇ ಇಲ್ಲ. ಕೇಳದೆ ಮಂದಿಯ ಮೇಲೆ ಗೂಬೆ ಕೂರಿಸುವುದು ಯಾವ ನ್ಯಾಯ? ಊರು ಬರುವಷ್ಟರಲ್ಲಿ ಅವನಿಗೆ ಗೆದ್ದಷ್ಟು ಹಗುರಾಗಿತ್ತು.

ಹಂಗಾಮು ಶುರುವಾಯಿತು. ಎರಡನೆಯ ವಾರದ ಸೋಮವಾರ ಪಾಟೀಲರ ಪಾಳಿ. ಮುಂಜಾನೆ ಕೌಸಲ್ಯಾಬಾಯಿ ಎಂದಿನಂತೆ ಕ್ಯಾನ್ ತುಂಬಿ ತಂದಾಗ ಕೈಲಾಶ, "ಇವತ್ತ ಬ್ಯಾಡವ್ವಾ," ಅಂದ.

"ಬ್ಯಾಡಂದ್ರ? ಬಿಸಲು ನೋಡು ಹ್ಯಾಂಗದ."

"ಅಲ್ಲಿ ಇರ್ತದಲ್ಲ ನೀರು."

ಅವ್ವ ಅವನ ಮುಖವನ್ನೇ ನೋಡಿದಳು. ಕ್ಯಾನನ್ನು ಸೀಟಿನ ಹಿಂದೆ ಇಡಲು ಹೋದಳು. ಅವನು ಅದನ್ನು ಇಸಿದುಕೊಂಡು ಕಟ್ಟೆಯ ಮೇಲಿಟ್ಟು ಟ್ರ್ಯಾಕ್ಟರ್ ಏರಿದ.

ಪಾಟೀಲರ ಹೊಲದಲ್ಲಿ ಕೊಯ್ದ ಸೋಯಾ ಮನೆಯೆತ್ತರ ಒಟ್ಟಿತ್ತು. ಆರು ಮಂದಿ ಕೂಲಿಯವರು, ಪಾಟೀಲರ ಮಗ, ಸೊಸೆ, ಎಲ್ಲ ಬಂದಿದ್ದರು. "ಬಂದ್ಯಾ ರಾಜಾ," ಎಂದು ಪಾಟೀಲರು ಬದುವಿನಿಂದಲೇ ಕೂಗಿದರು. "ನೀ ಬಂದ್ರ ನೋಡು ಮಾಡಾನೂ ಹೆದರಿ ಓಡ್ತದ." ಮಷಿನ್ ಶುರುವಾದ ಮೇಲೆ ಮಾತು ಕೇಳುವ ಹಾಗಿರಲಿಲ್ಲ. ಒಂದು ಕಡೆಯಿಂದ ಸೋಯಾ ತುರುಕುವುದು, ಒಂದು ಕಡೆ ಕಾಳು, ಒಂದು ಕಡೆ ಹೊಟ್ಟು. ಹೊಟ್ಟಿನ ಧೂಳು ಹಳದಿ ಮೋಡದಂತೆ ಎದ್ದು ಅವನ ಕಿವಿ, ಮೂಗು, ಗಂಟಲಿನಲ್ಲಿ ಕೂತಿತು. ಎರಡು ತಾಸಿಗೆ ನಾಲಿಗೆ ಅಂಗುಳಿಗೆ ಅಂಟಿತು. ಕೈ ಅಭ್ಯಾಸದಿಂದ ಸೀಟಿನ ಹಿಂದೆ ಹೋಗಿ ಬರಿಗೈಯಾಗಿ ಮರಳಿತು. ಅವನು ಮಷಿನ್ ನಿಲ್ಲಿಸಿದ.

ಬೇವಿನ ಮರದ ಕೆಳಗೆ ಒದ್ದೆ ಬಟ್ಟೆ ಸುತ್ತಿದ ದೊಡ್ಡ ಕೊಡ ಇತ್ತು. ಪಾಟೀಲರ ಸೊಸೆ ತಾಮ್ರದ ಚೊಂಬಿನಲ್ಲಿ ತುಂಬಿ ತುಂಬಿ ಕೊಡುತ್ತಿದ್ದಳು. ಕೂಲಿಯವರು ಒಬ್ಬರಾದ ಮೇಲೊಬ್ಬರು ಎತ್ತಿ ಕುಡಿದು ಚೊಂಬು ಮರಳಿಸುತ್ತಿದ್ದರು. ಕೈಲಾಶ ಅವರ ಹಿಂದೆ ಹೋಗಿ ನಿಂತ.

"ನನಗೂ ನೀರು ಬೇಕಾಗಿತ್ರಿ, ವೈನಿ."

ಸೊಸೆ ಚೊಂಬನ್ನು ಕೊಡದಲ್ಲಿ ಅದ್ದಿದಳು. ಅದ್ದಿದ ಕೈ ಅಲ್ಲೇ ನಿಂತಿತು. ಅವಳು ಕೈಲಾಶನನ್ನು ನೋಡಲಿಲ್ಲ, ಮಾವನನ್ನು ನೋಡಿದಳು. ಒಂದು ಉಸಿರಿನಷ್ಟು ಹೊತ್ತು. ಪಾಟೀಲರು ಕೂತಲ್ಲಿಂದ ತಟ್ಟನೆ ಎದ್ದರು.

"ಏ, ಬುದ್ಧಿ ಅದ ಏನು ನಿಮಗ? ಕೈಲಾಶಗ ಈ ಬಿಸಿ ನೀರು ಕೊಡ್ತೀರಿ? ಮಷಿನ್ ಮಾಲಕ ಅಂವ." ಮಗನ ಕಡೆ ತಿರುಗಿದರು. "ಗಾಡಿ ತಗೊಂಡು ಹೋಗೋ, ದುಕಾನದಿಂದ ಥಂಡಾ ಬಾಟ್ಲಿ ತಗೊಂಡು ಬಾ. ಸಣ್ಣದಲ್ಲ, ದೊಡ್ಡದು."

"ಇದೇ ನಡೀತದ್ರಿ ಕಾಕಾ," ಅಂದ ಕೈಲಾಶ.

"ಇಲ್ಲ, ಇಲ್ಲ. ನಮ್ಮ ಹೊಲಕ್ಕ ಬಂದು ನೀ ಕೊಡದ ನೀರು ಕುಡೀತೀ? ಮಂದಿ ಏನಂದಾರು."

ಕೂಲಿಯವರು ನಕ್ಕರು. ಅದರಲ್ಲಿ ಕುಹಕವಿರಲಿಲ್ಲ, ಯಜಮಾನರು ನಕ್ಕಾಗ ನಗುವ ನಗೆ. ಮೋಟರ್ ಸೈಕಲ್ಲು ಧೂಳೆಬ್ಬಿಸಿ ಹೋಯಿತು. ಊರು ಎರಡು ಮೈಲು. ಕೈಲಾಶ ಟ್ರ್ಯಾಕ್ಟರಿನ ಗಾಲಿಯ ನೆರಳಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತ. ಮರದ ಕೆಳಗೆ ಚೊಂಬು ಇನ್ನೊಂದು ಸುತ್ತು ತಿರುಗಿತು. ಕೊನೆಗೆ ಪಾಟೀಲರೂ ಅದರಿಂದಲೇ ಕುಡಿದು, ಉಳಿದದ್ದನ್ನು ಮುಖಕ್ಕೆ ಎರಚಿಕೊಂಡು, ಹಾ ಎಂದರು.

ಬಾಟ್ಲಿ ಬಂತು. ಮೈಯೆಲ್ಲ ಬೆವರಿದ, ಮುಚ್ಚಳದ ಸೀಲು ಒಡೆಯದ ಬಾಟ್ಲಿ. ಕೈಲಾಶ ಎದ್ದು ಕೈ ಚಾಚಿದ. ಪಾಟೀಲರ ಮಗ ಅದನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ಕುಡಿ ಅಣ್ಣಾ, ಪೂರಾ ನಿಂದೇ," ಅಂದ.

ಅವನು ಕುಡಿದ. ಗಂಟಲು ಕೇಳುವ ಹಾಗಿರಲಿಲ್ಲ. ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಕುಡಿಯುತ್ತಲೇ ಅವನು ಬೈಗುಳ ಹುಡುಕಿದ, ಬೈಯಲು ಯಾರೂ ಸಿಗಲಿಲ್ಲ. ಯಾರಿಗೆ ಏನೆಂದು ಹೇಳುವುದು? ಕೊಡದ ನೀರು ಕೇಳಿದರೆ ತಣ್ಣನೆಯ ಬಾಟ್ಲಿ ತರಿಸಿಕೊಟ್ಟರು ಎಂದೇ? ಕೇಳಿದವರು ನಗುತ್ತಾರೆ, ಇಂಥ ಪಾಟೀಲರು ಎಲ್ಲಿ ಸಿಗುತ್ತಾರೆ ಅನ್ನುತ್ತಾರೆ. ಇಷ್ಟು ವರ್ಷ ಅವ್ವ ತುಂಬಿ ಇಡುತ್ತಿದ್ದ ಕ್ಯಾನು ಅವನಿಗಿಂತ ಹೆಚ್ಚಾಗಿ ಈ ಮಂದಿಯ ಮರ್ಯಾದೆಯನ್ನು ಕಾಯ್ದಿತ್ತು.

ಮಷಿನ್ ಹಾಗೇ ಬಿಟ್ಟು ಹೋಗಬಹುದಾಗಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ಅರ್ಧ ಬಣವೆ ಇನ್ನೂ ಉಳಿದಿತ್ತು. ಅವನು ಒಂದು ಗಳಿಗೆ ಆ ಮೋಡವನ್ನು ನೋಡಿದ. ಆಮೇಲೆ ಒಪ್ಪಿಕೊಂಡ ಕೆಲಸವನ್ನು ನಡುವೆ ಬಿಡುವುದು ಅವನಿಗೆ ಬರದೆ, ಮುಖಕ್ಕೆ ವಸ್ತ್ರ ಸುತ್ತಿಕೊಂಡು ಮಷಿನ್ ಚಾಲೂ ಮಾಡಿದ. ಕಾಳು ಸ್ವಚ್ಛವಾಗಿ ಬಂತು. ನಾಲ್ಕು ಗಂಟೆಗೆ ರಾಶಿ ಮುಗಿದಾಗ ಪಾಟೀಲರು ಒಂದು ಮುಷ್ಟಿ ಕಾಳು ತೆಗೆದು ಅಂಗೈಯಲ್ಲಿ ಉರುಳಿಸುತ್ತ, "ಒಂದು ಕಾಳು ಒಡದಿಲ್ಲ ನೋಡು. ನಿನ್ನಂಥಾ ಹುಡುಗರು ಊರು ಬಿಟ್ಟು ಹೋದ್ರ ನಮ್ಮ ಗತಿ ಏನಪಾ," ಅಂದರು.

ಆ ಮಾತು ಖರೆಯೇ ಇತ್ತು. ಅದಕ್ಕೇ ಅದನ್ನು ನುಂಗಲಿಕ್ಕಾಗಲಿಲ್ಲ.

ಬದುವಿನ ಆಚೆ ಟ್ರ್ಯಾಕ್ಟರ್ ನಿಲ್ಲಿಸಿ ಅವನು ವಿಶ್ವಾಸನಿಗೆ ಫೋನ್ ಮಾಡಿದ.

"ನಿನ್ನ ರೂಮಿನಾಗ ಜಾಗಾ ಅದ ಏನಲೇ?"

"ಯಾಕ, ಮತ್ತ ಯಾರಾದ್ರೂ ನೋಡಲಿಕ್ಕೆ ಬರ್ಲಿಕತ್ತಾರ?"

"ಇಲ್ಲ."

"ಬಾಗಿಲ ಬಾಜೂಕ ಒಂದು ಹಾಸಿಗಿ ಹಿಡೀತದ," ಅಂದ ವಿಶ್ವಾಸ. "ಕಾಲು ಮಡಚಿ ಮಕ್ಕೋಬೇಕು. ಮತ್ತ ಇಲ್ಲಿ ಈಗ ಹೊಸಬರಿಗೆ ಫಿಟ್ಟರ್ ಕೆಲಸ ಕೊಡಂಗಿಲ್ಲ, ಪ್ಯಾಕಿಂಗ್‌ಗೇ ಹಾಕ್ತಾರ. ನಿನ್ನ ಕೈಗೆ ಅದು ಸೇರಂಗಿಲ್ಲ, ಹೇಳಿರ್ತೀನಿ."

"ಆಗ್ಲಿ," ಅಂದ ಕೈಲಾಶ.

ಮನೆಗೆ ಬಂದಾಗ ಕೌಸಲ್ಯಾಬಾಯಿ ಅಂಗಳದಲ್ಲಿ ನಿಂತಿದ್ದಳು. ಮಗನ ಬೆನ್ನಿಗೆ, ತಲೆಗೆ ಹತ್ತಿದ ಹೊಟ್ಟನ್ನು ಟವೆಲಿನಿಂದ ಬಡಿದು ತೆಗೆದಳು. ಮೈಮೇಲೆಲ್ಲ ಕೆಂಪು ಗಂಧೆ ಎದ್ದಿದ್ದವು. "ನೀರು ಕುಡಿದ್ಯಾ?" ಎಂದು ಮೆಲ್ಲಗೆ ಕೇಳಿದಳು. ಅವನು "ಹೂಂ" ಅಂದ. ಅವಳು ಇನ್ನೆರಡು ಸಲ ಹೆಚ್ಚಿಗೆಯೇ ಬಡಿದಳು, ಧೂಳು ಆಗಲೇ ಹೋಗಿದ್ದರೂ.

ಅವನು ಕೈಕಾಲು ತೊಳೆಯಲಿಲ್ಲ. ಪಾನಾ ತೆಗೆದುಕೊಂಡು ಮಷಿನ್ನಿನ ಪಕ್ಕ ಕೂತು, ಅದನ್ನು ತಿರುಗಿಸುವ ರಬ್ಬರಿನ ಪಟ್ಟಾ ಬಿಗಿ ಹಿಡಿದ ನಟ್ಟುಗಳನ್ನು ಒಂದೊಂದಾಗಿ ಸಡಿಲು ಮಾಡಿದ. ಆ ಪಟ್ಟಾ ಬಿಚ್ಚುವುದು ವರ್ಷಕ್ಕೆ ಒಂದೇ ಸಲ, ಹಂಗಾಮು ಪೂರ್ತಿ ಮುಗಿದು, ಮಷಿನ್ನಿನ ಮೇಲೆ ತಾಡಪಾಲ ಹೊದಿಸುವ ದಿನ. ಇನ್ನೂ ನಾಲ್ಕು ಊರಿನ ಸೋಯಾ ಹೊಲಗಳಲ್ಲೇ ಇತ್ತು. ಪಂಢರಿ ಹಿತ್ತಲಿಂದ ಬಂದು ನೋಡಿದ. ಮಗನ ಎದುರಿಗೆ ಕೂತು ಪಟ್ಟಾದ ಇನ್ನೊಂದು ತುದಿಯನ್ನು ಹಿಡಿದುಕೊಂಡ.

ಕಟ್ಟೆಯ ಮೇಲಿದ್ದ ಫೋನ್ ರಿಂಗಾಯಿತು. ಪಂಢರಿ ಎದ್ದು ಅದನ್ನು ತಂದ. ತೆರೆಯ ಮೇಲೆ ಪಕ್ಕದೂರಿನ ಒಬ್ಬ ರೈತನ ಹೆಸರಿತ್ತು. ನಾಳೆಯ ಪಾಳಿ ಅವನದು. ಕೈಲಾಶನ ಕೈಗಳು ಗ್ರೀಸಿನಿಂದ ಕಪ್ಪಾಗಿದ್ದವು, ಅವನು ತಲೆಯೆತ್ತಲಿಲ್ಲ. ಪಂಢರಿ ಫೋನನ್ನು ಮಗನ ಕಿವಿಯ ಹತ್ತಿರ ಹಿಡಿದು ನಿಂತ. ರಿಂಗು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ರಿಂಗಾಯಿತು. ಕೈಲಾಶ ಪಟ್ಟಾವನ್ನು ಮೊಣಕೈಗೂ ಅಂಗೈಗೂ ನಡುವೆ ಸುತ್ತುತ್ತಿದ್ದ, ಅಂಚಿಗೆ ಅಂಚು ಕೂಡಿಸಿ, ಎಲ್ಲೂ ಮಡಿಕೆ ಬೀಳದ ಹಾಗೆ.